ರಕ್ತಕಣದ ಆಕಾರ ಕೆಟ್ಟಿದೆಯೇ? ಗುಲ್ಮ ಇದೆಯೇ ಕೇಳಿ

ಕಳೆದ ತಿಂಗಳು ತಂದೆ, ಮಗ ಇಬ್ಬರು ನನ್ನ ಕ್ಲಿನಿಕ್ಕಿಗೆ ಬಂದರು. ಮಗನಿಗೆ 24 ವರ್ಷ. ನೌಕರಿಗೆ ಸೇರುವ ಮುನ್ನ ಮಾಡಿಸಿದ ರಕ್ತಪರೀಕ್ಷೆಯ ವರದಿ ತಂದೆಯ ಕೈಯಲ್ಲಿತ್ತು. ಹಿಮೋಗ್ಲೋಬಿನ್ ಚೆನ್ನಾಗಿಯೇ ಇತ್ತು. ಆದರೆ ಕೆಳಗೆ ‘ಟಾರ್ಗೆಟ್ ಸೆಲ್, ಹೌವೆಲ್-ಜಾಲಿ ಬಾಡಿ ಕಂಡುಬಂದಿವೆ’ ಎಂದು ಬರೆದಿತ್ತು. “ಡಾಕ್ಟ್ರೇ, ಇದು ಬ್ಲಡ್ ಕ್ಯಾನ್ಸರ್ ಅಲ್ಲ ತಾನೆ?” ಎಂದರು ತಂದೆ. ಹುಡುಗನ ಅಂಗಿ ಎತ್ತಿಸಿ ನೋಡಿದೆ. ಹೊಟ್ಟೆಯ ನಡುವೆ ಉದ್ದನೆಯ ಹೊಲಿಗೆಯ ಗುರುತು. “ಮೂರು ವರ್ಷದ ಹಿಂದೆ ಬೈಕಿನಿಂದ ಬಿದ್ದಿದ್ದ ಸಾರ್. ಒಳಗೆ ಏನೋ ಒಡೆದಿತ್ತಂತೆ, ತೆಗೆದರು.”

ಆ ‘ಏನೋ’ ಎಂಬುದು ಗುಲ್ಮ, ಅಂದರೆ ಸ್ಪ್ಲೀನ್.

ಎಡ ಪಕ್ಕೆಲುಬುಗಳ ಅಡಿಯಲ್ಲಿ ಅವಿತಿರುವ, ಸುಮಾರು 150 ಗ್ರಾಂ ತೂಗುವ ಮೆತ್ತನೆಯ ಅಂಗವಿದು. ಸದಾ ರಕ್ತ ತುಂಬಿರುವುದರಿಂದ ಬೈಕಿನ ಹ್ಯಾಂಡಲ್ ತಿವಿದರೂ, ಮರದಿಂದ ಬಿದ್ದರೂ ಒಡೆದು ರಕ್ತ ಸುರಿಯಬಹುದು. ಸಾಧ್ಯವಾದಲ್ಲೆಲ್ಲ ಅದನ್ನು ಉಳಿಸಲು ಈಗಿನ ಸರ್ಜನ್ನರು ನೋಡುತ್ತಾರೆ. ರಕ್ತ ನಿಲ್ಲದಿದ್ದರೆ ತೆಗೆಯದೆ ಗತ್ಯಂತರವಿಲ್ಲ.

ರಕ್ತಕಣದ ಆಕಾರಕ್ಕೂ ಇದಕ್ಕೂ ಏನು ಸಂಬಂಧ? ನಮ್ಮ ಕೆಂಪು ರಕ್ತಕಣ ಏಳೆಂಟು ಮೈಕ್ರಾನ್ ಅಗಲದ, ನಡುವೆ ಗುಳಿಬಿದ್ದ ಬಿಲ್ಲೆ. ತೂತು ಪೂರ್ತಿ ಬೀಳದ ಉದ್ದಿನ ವಡೆ ಎನ್ನಿ. ಸುಮಾರು 120 ದಿನಗಳ ಆಯುಸ್ಸಿನಲ್ಲಿ ಅದು ಮತ್ತೆ ಮತ್ತೆ ಗುಲ್ಮದ ಕಿರುಸಂದುಗಳಲ್ಲಿ ನುಸುಳಬೇಕು. ಸಂದು ಕಣಕ್ಕಿಂತ ಎಷ್ಟೋ ಕಿರಿದು. ಬಳುಕುವ ಕಣ ದಾಟಿಕೊಳ್ಳುತ್ತದೆ, ಬಿರುಸಾದ ಮುದಿಕಣ ಸಿಕ್ಕಿಬಿದ್ದು ನಾಶವಾಗುತ್ತದೆ. ಎಳೆಯ ಕಣದೊಳಗೆ ಕೋಶಕೇಂದ್ರದ ಚೂರು ಉಳಿದಿದ್ದರೆ, ಹುಣಸೆಹಣ್ಣಿನ ಬೀಜ ತೆಗೆದ ಹಾಗೆ, ಗುಲ್ಮ ಅದನ್ನು ಮಾತ್ರ ಕಿತ್ತು ಕಣವನ್ನು ಮುಂದಕ್ಕೆ ಬಿಡುತ್ತದೆ. ಹೆಚ್ಚಾದ ಹೊರಪೊರೆಯನ್ನೂ ಸವರುತ್ತದೆ. ಗುಲ್ಮವಿಲ್ಲದವರಲ್ಲಿ ಆ ಚೂರು ಚುಕ್ಕೆಯಾಗಿ ಉಳಿಯುತ್ತದೆ; ಅದೇ ಹೌವೆಲ್-ಜಾಲಿ ಬಾಡಿ. ಸವರದೆ ಬಿಟ್ಟ ಪೊರೆಯಿಂದ ಕಣ ಗುರಿಹಲಗೆಯಂತೆ ಕಾಣುತ್ತದೆ. ಅದೇ ಟಾರ್ಗೆಟ್ ಸೆಲ್. ಕೆಲವು ಕಣಗಳು ಮುಳ್ಳುಮುಳ್ಳಾಗಿರುವುದೂ ಉಂಟು.

ಮೈ ಬಹಳಷ್ಟು ಸುಟ್ಟವರಲ್ಲೂ ಕಣಗಳು ಶಾಖಕ್ಕೆ ಚೂರಾಗಿ ಗುಂಡಗಾಗುತ್ತವೆ, ಆದರೆ ಅದು ಕೆಲವು ದಿನಗಳ ಮಾತು. ಗುಲ್ಮ ಹೋದವರಲ್ಲಿ ಈ ಆಕಾರಗಳು ಜೀವನಪೂರ್ತಿ ಉಳಿಯುತ್ತವೆ. ಅವುಗಳಿಂದ ಸುಸ್ತಿಲ್ಲ, ನೋವಿಲ್ಲ, ಔಷಧಿಯೂ ಬೇಕಿಲ್ಲ. ಟಾರ್ಗೆಟ್ ಸೆಲ್ ಥಲಸ್ಸೇಮಿಯಾದಲ್ಲಿ, ಯಕೃತ್ತಿನ ಕಾಯಿಲೆಯಲ್ಲಿಯೂ ಕಾಣುವುದರಿಂದ ವರದಿ ಓದಿ ನೀವೇ ತೀರ್ಮಾನಕ್ಕೆ ಬರಬೇಡಿ, ಅಷ್ಟೆ.

ತಂದೆಗೆ ಧೈರ್ಯ ಹೇಳಿದೆ. ನನಗೆ ಮಾತ್ರ ಬೇರೊಂದು ಚಿಂತೆ ಹತ್ತಿತು. ಗುಲ್ಮ ರೋಗಾಣುಗಳನ್ನೂ ಸೋಸುತ್ತದೆ, ಮುಖ್ಯವಾಗಿ ನ್ಯುಮೊಕಾಕಸ್‌ನಂಥ ಕವಚವಿರುವವನ್ನು. ಗುಲ್ಮ ತೆಗೆದ ಹಸುಗೂಸುಗಳಲ್ಲಿ ಭೀಕರ ಸೋಂಕು ಕಾಣಿಸಿದ್ದನ್ನು ವೈದ್ಯರು 1952ರಲ್ಲೇ ವರದಿ ಮಾಡಿದ್ದರು. ದೊಡ್ಡವರಿಗೂ ಅದು ತಪ್ಪಿದ್ದಲ್ಲ. ಅಪರೂಪವೇನೋ ಹೌದು. ಆದರೆ ಬಂದರೆ, ಬೆಳಿಗ್ಗೆ ಚಳಿಜ್ವರ ಎಂದವರು ರಾತ್ರಿಗೆ ಪ್ರಜ್ಞೆ ತಪ್ಪಬಹುದು. ತಗುಲಿದವರಲ್ಲಿ ಅರ್ಧದಷ್ಟು ಮಂದಿ ಉಳಿಯದೆ ಹೋಗಬಹುದು. ಆಪರೇಷನ್ ಆಗಿ ಇಪ್ಪತ್ತು ವರ್ಷದ ಮೇಲೂ ಬಂದದ್ದುಂಟು.

“ಲಸಿಕೆ ಹಾಕಿಸಿಕೊಂಡಿದ್ದೀಯೇನಪ್ಪಾ?” ಎಂದೆ. “ಯಾವ ಲಸಿಕೆ ಸಾರ್?” ಎಂದ. ಡಿಸ್ಚಾರ್ಜ್ ಕಾಗದ ತರಿಸಿ ನೋಡಿದೆ. ಹೊಲಿಗೆ ಬಿಚ್ಚುವ ದಿನ ಬರೆದಿತ್ತು, ಬಿ ಕಾಂಪ್ಲೆಕ್ಸ್ ಮಾತ್ರೆ ಬರೆದಿತ್ತು. ಸ್ಪ್ಲೀನ್ ತೆಗೆದದ್ದು ಇಂಗ್ಲಿಷಿನಲ್ಲಿ ಒಂದೇ ಸಾಲು. ನನ್ನ ವೃತ್ತಿಬಾಂಧವರ ಮೇಲೆ ನನಗೆ ಸಿಟ್ಟು ಬರುವುದು ಇಂಥಲ್ಲೇ. ರಾತ್ರಿಯೆಲ್ಲ ನಿಂತು ಪ್ರಾಣ ಉಳಿಸಿದವರು, ಮನೆಗೆ ಕಳಿಸುವ ದಿನ ಐದು ನಿಮಿಷ ಕುಳಿತು ಕನ್ನಡದಲ್ಲಿ ವಿವರಿಸಬಾರದಿತ್ತೆ? ಹಾಗೆಂದು ನಾನೇನೂ ಸಾಚಾ ಅಲ್ಲ. ಹೊಟ್ಟೆಯ ಮೇಲಿನ ಗುರುತು ನೋಡಿಯೂ ‘ಏನು ತೆಗೆದರು’ ಎಂದು ಕೇಳದೆ ಎಷ್ಟು ಜನರಿಗೆ ಜ್ವರದ ಮಾತ್ರೆ ಬರೆದಿದ್ದೇನೋ!

ನಿಮ್ಮ ಮನೆಯಲ್ಲಿ ಅಪಘಾತದ ನಂತರ ಹೊಟ್ಟೆಯ ಆಪರೇಷನ್ ಆದವರಿದ್ದರೆ ಹಳೆಯ ಕಾಗದ ಹುಡುಕಿ, ವೈದ್ಯರಿಗೆ ತೋರಿಸಿ. ಗುಲ್ಮ ತೆಗೆದಿದ್ದರೆ ನ್ಯುಮೊಕಾಕಲ್, ಮೆನಿಂಗೊಕಾಕಲ್ ಮತ್ತು ಹಿಬ್ ಲಸಿಕೆಗಳು ಬೇಕು. ತುರ್ತಾಗಿ ತೆಗೆದವರಿಗೆ ಸಾಮಾನ್ಯವಾಗಿ ಎರಡು ವಾರ ಬಿಟ್ಟು ಕೊಡುತ್ತಾರೆ. ವರ್ಷಗಳು ಕಳೆದಿದ್ದರೂ ಹಾಕಿಸಬಹುದು. ಫ್ಲೂ ಲಸಿಕೆ ವರ್ಷಕ್ಕೊಮ್ಮೆ. ಖರ್ಚು ಕಡಿಮೆಯೇನಲ್ಲ, ನಿಜ. ಲಸಿಕೆ ಹಾಕಿಸಿದ ಮೇಲೂ ಜ್ವರ ಬಂದರೆ ‘ನಾಳೆ ನೋಡೋಣ’ ಎನ್ನಬೇಡಿ. ಆಗಲೇ ಆಸ್ಪತ್ರೆಗೆ ಹೋಗಿ, ಮೊದಲ ಮಾತಾಗಿ ಗುಲ್ಮವಿಲ್ಲ ಎಂದು ಹೇಳಿ. ನಾಯಿ ಕಚ್ಚಿದರೆ ಇವರಿಗೆ ರೇಬೀಸ್ ಚುಚ್ಚುಮದ್ದು ಮಾತ್ರ ಸಾಲದು, ಆಂಟಿಬಯೋಟಿಕ್ಕೂ ಬೇಕು. ಮಲೇರಿಯಾ ಇರುವ ಊರಿಗೆ ಹೋದರೆ ಸೊಳ್ಳೆಪರದೆ ಬಿಡಬಾರದು.

ಹುಡುಗನಿಗೆ ಅಂದೇ ಮೊದಲ ಲಸಿಕೆ ಹಾಕಿಸಿ, ಕೆಲಸಕ್ಕೆ ಅಡ್ಡಿಯಿಲ್ಲವೆಂದು ಬರೆದುಕೊಟ್ಟೆ. ಡ್ರೈವಿಂಗ್ ಲೈಸೆನ್ಸಿನ ಜೊತೆ ಇಟ್ಟುಕೊಳ್ಳಲು ಇನ್ನೊಂದು ಚೀಟಿಯನ್ನೂ ಬರೆದೆ: ‘ನನಗೆ ಗುಲ್ಮ ಇಲ್ಲ. ಜ್ವರ ಬಂದಿದ್ದರೆ ತಡ ಮಾಡಬೇಡಿ.’