ಸಣ್ಣವರನ್ನು ಮನೆಯಲ್ಲೇ ಬಿಡಬೇಕೇ?

ಸೂಟಿಯಲ್ಲಿ ಪ್ರವಾಸ ಹೊರಟಾಗ "ಸಣ್ಣ ಹುಡುಗರು ಯಾಕ, ಸುಮ್ನ ತ್ರಾಸು" ಎಂದು ಹಿರಿಯರು ಅನ್ನುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ.

ಹೋದ ದಸರಾ ಸೂಟಿಯಲ್ಲಿ ನಾವು ವಿಜಯಪುರದ ಗೋಳಗುಮ್ಮಟಕ್ಕೆ ಹೋಗಿದ್ದೆವು. ಮೂರು ವರ್ಷದ ತಮ್ಮನೂ ಇದ್ದ. ತ್ರಾಸು ಆಗಿದ್ದು ಖರೆ. ಬಸ್ಸಿನಲ್ಲಿ ಎರಡು ಸಲ ವಾಂತಿ ಮಾಡಿಕೊಂಡ. ಒಂದು ಚಪ್ಪಲಿ ಕಿಟಕಿಯಿಂದ ಒಗೆದ. ಬುತ್ತಿ ಬ್ಯಾಡ, ಐಸ್‌ಕ್ರೀಮೇ ಬೇಕು ಅಂತ ನೆಲದ ಮೇಲೆ ಹೊರಳಾಡಿದ.

1656ರಲ್ಲಿ ಮುಗಿದ ಕಟ್ಟಡ ಅದು. ಅಷ್ಟು ದೊಡ್ಡ ಗುಮ್ಮಟಕ್ಕೆ ನಡುವೆ ಒಂದೂ ಕಂಬವಿಲ್ಲ. ಮೂಲೆಯ ಮಿನಾರಿನೊಳಗಿನ ಇಕ್ಕಟ್ಟಾದ ಮೆಟ್ಟಿಲು ಹತ್ತಿ ಅಪ್ಪ, ಅಣ್ಣ, ನಾನು ಮೇಲೆ ಹೋಗಿ ಕೂಗಿ ಕೂಗಿ ಕೇಳಿದೆವು. ಅವ್ವ ಮಾತ್ರ ತಮ್ಮನನ್ನು ಹಿಡಕೊಂಡು ಕೆಳಗೇ ಕೂತಿದ್ದಳು. ಇಳಿದು ಬಂದಾಗ "ಹ್ಯಾಂಗಿತ್ತು?" ಅಂದಳು. ನನಗೆ ನಾಚಿಕೆಯಾಯಿತು. ತ್ರಾಸು ಕೊಟ್ಟವನು ತಮ್ಮ ಅಲ್ಲ, ಅವನನ್ನು ಒಬ್ಬಳ ಮೇಲೇ ಹಾಕಿ ಹೋದ ನಾವು!

ಅವ್ವನನ್ನು ಎಬ್ಬಿಸಿ, ತಮ್ಮನನ್ನು ನಾನೇ ಹೊತ್ತು ಮತ್ತೆ ಹತ್ತಿದೆ. ಅವನು "ಅವ್ವಾ" ಎಂದು ಕೂಗಿದ. ಗುಮ್ಮಟವೂ "ಅವ್ವಾ, ಅವ್ವಾ" ಎಂದು ಕೂಗತೊಡಗಿತು. ಅವನಿಗೆ ಸಿಟ್ಟು ಬಂತು. "ಆಕಿ ನಮ್ಮವ್ವ!" ಎಂದು ಗೋಡೆಯ ಮೇಲೆ ಜಗಳ ತೆಗೆದ. ಅಲ್ಲಿದ್ದ ಗುರುತಿಲ್ಲದ ಮಂದಿಯೂ ನಕ್ಕರು. ಅವ್ವನಂತೂ ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ನಾವು ಮೊದಲು ಹತ್ತಿದಾಗ ಇಂಥದ್ದೇನೂ ಆಗಿರಲಿಲ್ಲ.

ಈ ಸಲ ಬಾದಾಮಿಗೆ ಹೋಗುವ ಮಾತು ನಡೆದಿದೆ. ಎತ್ತಿಕೊಳ್ಳುವ ಪಾಳಿ ಬರೆದಿಟ್ಟಿದ್ದೇನೆ: ಬಸ್ಸಿನಲ್ಲಿ ಅಪ್ಪ, ಮೆಟ್ಟಿಲಲ್ಲಿ ಅಣ್ಣ, ಊಟದ ಹೊತ್ತಿಗೆ ನಾನು. ಅಣ್ಣ ಇನ್ನೂ ಹೂಂ ಅಂದಿಲ್ಲ.