ಗುಡಿಯಿಂದ ಒಂದು ಕಿಲೋಮೀಟರ್ ದೂರ!



ಮಹಾರಾಷ್ಟ್ರ ಸರ್ಕಾರ 2016ರಲ್ಲಿ ಡಾನ್ಸ್ ಬಾರುಗಳಿಗೆ ಒಂದು ಕಾನೂನು ಮಾಡಿತು. ಹೆಣ್ಣುಮಕ್ಕಳು ಕುಣಿಯುವ ಬಾರಿಗೆ ಲೈಸೆನ್ಸು ಬೇಕಾದರೆ ಅದು ಗುಡಿಯಿಂದ, ಶಾಲೆಯಿಂದ ಒಂದು ಕಿಲೋಮೀಟರ್ ದೂರ ಇರಬೇಕು ಅಂತ ಬರೆಯಿತು. ಮುಂಬಯಿಯಂಥ ಊರಲ್ಲಿ ಗುಡಿ, ಶಾಲೆ ಎರಡೂ ಇಲ್ಲದ ಒಂದು ಕಿಲೋಮೀಟರ್ ಎಲ್ಲಿದೆ ಸ್ವಾಮಿ? ಕೊಟ್ಟ ಹಾಗೆ ಮಾಡಿ ಕಿತ್ತುಕೊಳ್ಳುವ ಕಾನೂನು ಇದು.

ಈ ಅಳತೆಗೋಲು ನಮಗೆ ಹೊಸದಲ್ಲ. ನಮ್ಮ ಕೇರಿಗಳನ್ನು ಊರಾಚೆ ಇಟ್ಟಿದ್ದು ಇದೇ ಕೋಲಿನಿಂದ. ಗುಡಿ ಮೈಲಿಗೆ ಆಗುತ್ತೆ ಅಂದವರೇ ನಮ್ಮ ಹೆಣ್ಣುಮಕ್ಕಳಿಗೆ ದೇವರ ಹೆಸರಲ್ಲಿ ಮುತ್ತು ಕಟ್ಟಿಸಿದರು. ಸವದತ್ತಿ ಎಲ್ಲಮ್ಮನ ಹೆಸರಲ್ಲಿ ಮುತ್ತು ಕಟ್ಟಿಸಿಕೊಂಡ ಎಷ್ಟೋ ಹುಡುಗಿಯರು ಮುಂಬಯಿಯ ಕಾಮಾಟಿಪುರ ಸೇರಿದರು. ಆಗ ಯಾರೂ ದೂರ ಅಳೆಯಲಿಲ್ಲ. ಬಾರಿನಲ್ಲಿ ಕುಣಿದವರೆಲ್ಲ ದೇವದಾಸಿಯರಲ್ಲ, ನಿಜ. ಆದರೆ ಬೇಡಿಯಾ, ನಟ್ ಮುಂತಾದ ಕುಲಗಳಿಂದ ಬಂದವರು ಅವರಲ್ಲಿ ಬಹಳ. ಕುಣಿತವನ್ನೇ ಜಾತಿಕಸುಬು ಅಂತ ಆ ಕುಲಗಳ ತಲೆಗೆ ಕಟ್ಟಿದವರು ಯಾರು? ಕಟ್ಟಿದವರೇ ಈಗ ಟೇಪು ಹಿಡಿದು ಬಂದಿದ್ದಾರೆ!

ಇದರ ಹಿಂದಿನ ಕತೆ ಕೇಳಿ. 2005ರಲ್ಲಿ ಅದೇ ಸರ್ಕಾರ ಪೊಲೀಸ್ ಕಾಯ್ದೆ ತಿದ್ದಿ ಬಾರುಗಳಲ್ಲಿ ಕುಣಿತವನ್ನೇ ನಿಷೇಧಿಸಿತು. ಆದರೆ ಮೂರು ಸ್ಟಾರ್ ಮತ್ತು ಅದರ ಮೇಲಿನ ಹೋಟೆಲುಗಳಿಗೆ, ಕ್ಲಬ್ಬುಗಳಿಗೆ ವಿನಾಯಿತಿ! ಹಾಡು ಅದೇ, ಕುಣಿತ ಅದೇ. ಬಡವನ ಬಾರಿನಲ್ಲಿ ಅಶ್ಲೀಲ, ಸಾಹುಕಾರನ ಹೋಟೆಲಿನಲ್ಲಿ ಸಂಸ್ಕೃತಿ. ತಪ್ಪು ಒಂದೇ, ಶಿಕ್ಷೆ ಮಾತ್ರ ಅಂತಸ್ತು ನೋಡಿ. ಮನು ಬರೆದದ್ದೂ ಇದನ್ನೇ ಅಲ್ಲವೇ?

2006ರಲ್ಲಿ ಮುಂಬಯಿ ಹೈಕೋರ್ಟು ಈ ನಿಷೇಧವನ್ನು ಹೊಡೆದುಹಾಕಿತು. 2013ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. 75,000ಕ್ಕೂ ಹೆಚ್ಚು ಹೆಣ್ಣುಮಕ್ಕಳು ಕೆಲಸ ಕಳೆದುಕೊಂಡರು, ಅವರಲ್ಲಿ ಹಲವರು ಹೊಟ್ಟೆಗಾಗಿ ಮೈ ಮಾರಬೇಕಾಯಿತು ಅಂತ ಆ ತೀರ್ಪಿನಲ್ಲೇ ಇದೆ. ಶೀಲ ಕಾಪಾಡ್ತೀವಿ ಅಂತ ಹೊರಟವರು ಮಾಡಿದ ಉಪಕಾರ ಇದು!

ಸರ್ಕಾರ ಬಿಡಲಿಲ್ಲ. 2014ರಲ್ಲಿ ಮತ್ತೆ ನಿಷೇಧ, 2015ರಲ್ಲಿ ಕೋರ್ಟಿನ ತಡೆ, 2016ರಲ್ಲಿ ಈ ಕಿಲೋಮೀಟರ್ ಕಾನೂನು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಆ ಕಿಲೋಮೀಟರನ್ನೂ, ಸಿಸಿಟಿವಿ ಷರತ್ತನ್ನೂ ತೆಗೆದುಹಾಕಿತು. ನೋಟು ತೂರಬಾರದು ಅನ್ನುವುದನ್ನು ಉಳಿಸಿತು. ಇದು ಸರಿ. ಹೆಣ್ಣಿನ ಮೈಮೇಲೆ ನೋಟು ತೂರುವುದು ಗೌಡಿಕೆಯ ಮದ. ಲಿಖಿತ ಕರಾರು ಇರಬೇಕು, ದುಡಿಮೆಯ ಹಣ ಅವಳ ಬ್ಯಾಂಕ್ ಖಾತೆಗೆ ಹೋಗಬೇಕು ಅನ್ನುವುದನ್ನೂ ಉಳಿಸಿತು. ಇಷ್ಟೊಂದು ಷರತ್ತಿನ ರಾಶಿಯಲ್ಲಿ ಅವಳಿಗೆ ಬೇಕಾದ ಕಾಳು ಇದೊಂದೇ. ನಾವು ಹೇಳುವುದು ಇಷ್ಟೇ: ಈ ಕಾಳನ್ನು ಮೊದಲು ಬಿತ್ತಿ. ಲೈಸೆನ್ಸು ಕೊಡುವವರು ಅವಳ ಸೆರಗು ಅಳೆಯುವುದು ಬಿಟ್ಟು ಮಾಲೀಕನ ಸಂಬಳದ ಪುಸ್ತಕ ತೆಗೆಸಲಿ.

ನಮ್ಮ ಬೆಂಗಳೂರಿನ ಕತೆಯೂ ಬೇರೆ ಅಲ್ಲ. ಅದೇ 2005ರಲ್ಲಿ ಇಲ್ಲೂ ಒಂದು ಆದೇಶ ಬಂತು. ಲೈವ್ ಬ್ಯಾಂಡ್, ಕ್ಯಾಬರೆ, ಡಿಸ್ಕೊಥೆಕ್ ನಡೆಸಲು ಪೊಲೀಸ್ ಕಮಿಷನರ ಲೈಸೆನ್ಸು ಬೇಕು ಅಂತ. ಮಾಲೀಕರ ಸಂಘ ಸುಪ್ರೀಂ ಕೋರ್ಟಿನವರೆಗೂ ಹೋಗಿ 2018ರಲ್ಲಿ ಸೋತಿತು. ಮಾಲೀಕನ ವ್ಯಾಪಾರದ ಹಕ್ಕಿಗೆ ವಕೀಲರು ಸಿಕ್ಕರು. ಅವಳ ಕೂಲಿಗೆ ಯಾರು ಸಿಕ್ಕರು?

ನಮ್ಮವರೇ ಕೆಲವರು ಕೇಳ್ತಾರೆ: ನಮ್ಮ ಹೆಣ್ಣುಮಕ್ಕಳು ಕುಣಿಯಬೇಕೇ? ಬಾರು ಮುಚ್ಚಿದರೆ ಒಳ್ಳೇದಲ್ಲವೇ? ಈ ಸಿಟ್ಟು ನಮಗೂ ಇದೆ. ಬಾರಿನ ಬೆಳಕನ್ನು ಬಿಡುಗಡೆ ಅಂತ ನಾವು ಹಾಡಿ ಹೊಗಳುವುದಿಲ್ಲ. 1936ರಲ್ಲಿ ಬಾಬಾಸಾಹೇಬರು ಮುಂಬಯಿಯಲ್ಲಿ ದೇವದಾಸಿ, ಜೋಗತಿ ಹೆಣ್ಣುಮಕ್ಕಳ ಸಭೆಗೆ ಹೋಗಿ ಈ ಬದುಕು ಬಿಡಿ ಅಂತ ಖಡಾಖಂಡಿತವಾಗಿ ಹೇಳಿದ್ದರು. ಆದರೆ ನೋಡಿ, ಅವರು ಆ ಹೆಣ್ಣುಮಕ್ಕಳ ಎದುರು ನಿಂತು, ಮನುಷ್ಯರ ಜೊತೆ ಮನುಷ್ಯರಂತೆ ಮಾತಾಡಿದರು. ಈ ಸರ್ಕಾರಗಳು ಪೊಲೀಸ್ ವ್ಯಾನು ಕಳಿಸುತ್ತವೆ. ಕರ್ನಾಟಕದಲ್ಲಿ 1982ರಲ್ಲೇ ದೇವದಾಸಿ ನಿಷೇಧ ಕಾಯ್ದೆ ಆಯಿತು. ಅದಾಗಿ ದಶಕಗಳ ಮೇಲೂ ಮಾಜಿ ದೇವದಾಸಿಯರು ಮನೆಗೆ, ಭೂಮಿಗೆ, ಮಾಸಾಶನಕ್ಕೆ ಬೀದಿಯಲ್ಲಿ ಧರಣಿ ಕೂತರು. ಅನ್ನ ಕೊಡದ ನಿಷೇಧ ಬರೀ ಬೀಗ. ಬೀಗ ತಿಂದು ಯಾರೂ ಬದುಕಿಲ್ಲ.

ಆದ್ದರಿಂದ ನಮ್ಮ ಒತ್ತಾಯ:

1. ಬಾರು, ಬ್ಯಾಂಡುಗಳಲ್ಲಿ ದುಡಿಯುವ ಹೆಣ್ಣನ್ನು ಕಾರ್ಮಿಕಳೆಂದು ಒಪ್ಪಿ. ಕರಾರು, ಪಿ.ಎಫ್., ಇ.ಎಸ್.ಐ. ಕೊಡಿಸಿ.

2. ಸ್ಟಾರ್ ಹೋಟೆಲಿಗೊಂದು, ಸಣ್ಣ ಬಾರಿಗೊಂದು ನೀತಿ ಬೇಡ.

3. ದಾಳಿ ಮಾಡಿದಾಗ ಅವಳನ್ನು ಕ್ಯಾಮೆರಾ ಮುಂದೆ ಸಾಲು ನಿಲ್ಲಿಸಬೇಡಿ. ಮೋಸದಿಂದ ತಂದವನನ್ನು, ಕೂಲಿ ನುಂಗಿದವನನ್ನು ಹಿಡಿಯಿರಿ.

4. ಬಿಡಬೇಕೆಂದವಳಿಗೆ ಮೊದಲು ಭೂಮಿ, ಮನೆ, ಮಕ್ಕಳಿಗೆ ಓದು. ಆಮೇಲೆ ನಿಮ್ಮ ಬೀಗ.

ಊರಾಚೆ ಇಟ್ಟವರು ಅಳೆದದ್ದು ಸಾಕು. ಇನ್ನು ಲೆಕ್ಕ ಕೇಳುವವರು ನಾವು.

ಜೈ ಭೀಮ್!