ಒಂದೇ ಅಂಕಿಯ ತೀರ್ಪು

ಸಾವಿರಕ್ಕೆ ಒಬ್ಬರಲ್ಲಿರುವ ರೋಗ. ನಿರೋಗಿಗಳಲ್ಲಿಯೂ ನೂರಕ್ಕೆ ಐವರಿಗೆ ರೋಗವುಂಟೆಂದು ತಪ್ಪಾಗಿ ಸಾರುವ ಪರೀಕ್ಷೆ. ಅದು ‘ಉಂಟು’ ಎಂದ ವ್ಯಕ್ತಿಯಲ್ಲಿ ರೋಗವಿರುವ ಸಂಭವವೆಷ್ಟು? 1978ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹಾರ್ವರ್ಡ್ ವೈದ್ಯಕೀಯ ಶಾಲೆಯ ವೈದ್ಯರೂ ವಿದ್ಯಾರ್ಥಿಗಳೂ ಸೇರಿ 60 ಮಂದಿಯಲ್ಲಿ ಸರಿಯುತ್ತರವಿತ್ತವರು 11 ಮಾತ್ರ. ಅತಿ ಹೆಚ್ಚು ಮಂದಿ ಹೇಳಿದ್ದು ಶೇಕಡಾ 95! ನಿಜವಾದುದು ಶೇಕಡಾ 2ರ ಆಸುಪಾಸು. ಸಾವಿರ ಮಂದಿಯಲ್ಲಿ ರೋಗಿ ಒಬ್ಬ. ವೃಥಾ ರೋಗಿಯೆನಿಸುವವರು ಸುಮಾರು 50. ಲೆಕ್ಕ ಇಷ್ಟೇ.

ಕಣ್ಣಿಗೆ ರಾಚುವ ಅಂಕಿಯನ್ನು ಹಿಡಿದು, ಅದರ ಹಿಂದಿರುವ ಅಂಕಿಯನ್ನು ಕೈಬಿಡುವುದು ಬರಿಯ ಮರೆವಲ್ಲ. ನಿರೋಗಿಯ ಮನೆಗೆ ಭೀತಿಯನ್ನು ಹಂಚುವ ಹಿಂಸೆ. ತಪಾಸಣಾ ಶಿಬಿರ ನಡೆಸುವ ಬಸದಿ ಟ್ರಸ್ಟುಗಳು ಫಲಿತಾಂಶ ಹೇಳುವ ಮುನ್ನ ಎರಡೂ ಅಂಕಿಗಳನ್ನು ಮುಂದಿಡಲಿ. ಮರುಪರೀಕ್ಷೆಯಾಗದೆ ಯಾರನ್ನೂ ರೋಗಿಯೆಂದು ಕರೆಯದಿರಲಿ.